ತವರಿಗೆ ಮರಳುವ ಗೆಜ್ಜೆ

ಬೆಂಗಳೂರಿನಿಂದ ಮೈಸೂರಿಗೆ ಪಯಣಿಸುವವರಿಗೆ ಮದ್ದೂರು ಎಂದೊಡನೆ ನೆನಪಾಗುವುದು ವಡೆ. 2023ರಲ್ಲಿ ಲೋಕಾರ್ಪಣೆಗೊಂಡ ಹೊಸ ಹೆದ್ದಾರಿಯ ವಾಹನಗಳು ಈಗ ಪಟ್ಟಣಕ್ಕೆ ಇಳಿಯದೆ ಮೇಲ್ಸೇತುವೆಯ ಮೇಲೆಯೇ ಸಾಗಿಬಿಡುತ್ತವೆ. ಹಾಗೆ ಸಾಗುವವರಿಗೆ ಶಿಂಷೆಯ ದಡದ ವೈದ್ಯನಾಥಪುರವಾಗಲಿ, ಪೇಟೆಯೊಳಗಿನ ಉಗ್ರನರಸಿಂಹ ದೇಗುಲವಾಗಲಿ, 1938ರಲ್ಲಿ ಧ್ವಜ ಸತ್ಯಾಗ್ರಹ ನಡೆದ ಶಿವಪುರವಾಗಲಿ ಕಾಣದು. ಇಳಿದು ಒಳದಾರಿ ಹಿಡಿದವರಿಗೆ, ಅದರಲ್ಲಿಯೂ ಹಬ್ಬದ ದಿನಗಳಲ್ಲಿ ಬಂದವರಿಗೆ, ಇವುಗಳೊಂದಿಗೆ ಇನ್ನೊಂದು ಸಂಪತ್ತು ದೊರೆಯುತ್ತದೆ. ಅದು ಈ ಸೀಮೆಯ ಪೂಜಾಕುಣಿತ.

ಬಿದಿರಿನ ಚೌಕಟ್ಟಿಗೆ ಬಣ್ಣಬಣ್ಣದ ಸೀರೆಗಳನ್ನು ನೆರಿಗೆಯಾಗಿ ಸುತ್ತಿ, ನಡುವೆ ಶಕ್ತಿದೇವತೆಯ ಮುಖವನ್ನಿರಿಸಿ, ಹೂವಿನಿಂದ ಸಿಂಗರಿಸಿ ಕಟ್ಟಿದ್ದೇ ‘ಪೂಜೆ’. ಅದನ್ನು ತಲೆಯ ಮೇಲೆ ಹೊತ್ತ ಕಲಾವಿದನು ತಮಟೆಯ ಗತ್ತಿಗೆ ಹೆಜ್ಜೆಯಿಡುತ್ತಾನೆ. ಕೈಯ ಆಸರೆಯಿಲ್ಲದೆ ಬಾಗುತ್ತಾನೆ, ಗಿರಕಿ ಹೊಡೆಯುತ್ತಾನೆ, ಏಣಿ ಏರುತ್ತಾನೆ. ಹೊತ್ತ ಪೂಜೆ ಮಾತ್ರ ಅಲುಗಿದರೂ ಬೀಳದು. ನಮ್ಮ ಮನೆಗಳ ಗುಗ್ಗುಳದಲ್ಲಿ ವೀರಗಾಸೆಯನ್ನು ಕಂಡವರಿಗೆ ಇದರ ಮರ್ಮ ಬೇಗ ತಿಳಿಯುತ್ತದೆ. ಎರಡೂ ಕೇವಲ ವಿನೋದಕ್ಕೆ ಹುಟ್ಟಿದ ಕುಣಿತಗಳಲ್ಲ. ದೈವದ ಸೇವೆಯೆಂದು ನಡೆದುಬಂದವು.

ಸೇವೆಯಾಗಿದ್ದ ಈ ಕಲೆ ಇಂದು ಅನೇಕರಿಗೆ ವೃತ್ತಿಯೂ ಆಗಿದೆ. ದಸರಾ ಮೆರವಣಿಗೆ, ಸಮ್ಮೇಳನ, ಗಣೇಶೋತ್ಸವ, ರಾಜಕೀಯ ಸಭೆ ಎಂದು ಮಂಡ್ಯ ಸೀಮೆಯ ತಂಡಗಳಿಗೆ ದೂರದೂರದಿಂದ ಕರೆ ಬರುತ್ತದೆ. ಇಂತಹ ಕಲೆಗಳಿಗೆ ಊರಾಚೆ ಮನ್ನಣೆ ದೊರಕಿಸಲು ದುಡಿದ ಎಚ್.ಎಲ್. ನಾಗೇಗೌಡರು ಇದೇ ಜಿಲ್ಲೆಯ ನಾಗಮಂಗಲ ತಾಲ್ಲೂಕಿನವರು. ಅವರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿದರು. 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿ ನಾಡಿಗೆ ಒಪ್ಪಿಸಿದರು.

ಹೀಗೆ ಹೊರಗೆ ಕುಣಿದು ಹೆಸರಾದವನು ಊರಹಬ್ಬಕ್ಕೆ ಮರಳಲೇಬೇಕು. ಹೊರಗಿನ ವೇದಿಕೆಯಲ್ಲಿ ಹತ್ತು ನಿಮಿಷದ ಕುಣಿತ. ಇಲ್ಲಿ ಇರುಳೆಲ್ಲ ಬೀದಿಬೀದಿಯ ಮೆರವಣಿಗೆ. ಅಲ್ಲಿನವರು ಕಂಡು ಬೆರಗಾಗುತ್ತಾರೆ. ಇಲ್ಲಿನವರು ಕಂಡು ತೂಗಿನೋಡುತ್ತಾರೆ. ಜಗಲಿಯ ಮೇಲೆ ಕುಳಿತ ಅಜ್ಜನಿಗೆ ತಮಟೆಯ ಯಾವ ಪೆಟ್ಟಿಗೆ ಯಾವ ಹೆಜ್ಜೆ ಬೀಳಬೇಕೆಂಬುದು ಗೊತ್ತು. ಅವನ ತಲೆದೂಗುವಿಕೆಗೆ ಸಮನಾದ ಬಿರುದು ನಗರದಲ್ಲಿ ಸಿಗದು. ಆದುದರಿಂದಲೇ ತವರೂರಿನ ಕುಣಿತ ಕಲಾವಿದನಿಗೆ ಹರಕೆಯೂ ಹೌದು, ಪರೀಕ್ಷೆಯೂ ಹೌದು.

ಆದರೆ ಪರೀಕ್ಷೆಗೆ ಒಳಗಾಗಬೇಕಾದವನು ಅವನೊಬ್ಬನೇ ಅಲ್ಲ, ಊರೂ ಹೌದು. ನಗರದಲ್ಲಿ ಅವನು ‘ಕಲಾವಿದರು’. ಊರಿನಲ್ಲಿ ‘ನಮ್ಮ ಹುಡುಗ ಕಣಪ್ಪ’. ಈ ಸಲುಗೆ ಸಿಹಿಯಾದುದು. ಆದರೆ ಅದೇ ನೆಪದಲ್ಲಿ ಕೊಡಬೇಕಾದ ಸಂಭಾವನೆ ತಪ್ಪಬಾರದು. ಹರಕೆ ತೀರಿತೆಂದು ಹೊಟ್ಟೆ ತುಂಬುವುದಿಲ್ಲ. ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ತಮಟೆಯ ನಾದವನ್ನು ತಲೆಮಾರುಗಳಿಂದ ಕಾಪಾಡಿದವರು ಬಹುಮಟ್ಟಿಗೆ ದಲಿತ ಬಂಧುಗಳು. ದೇವರ ಮುಂದೆ ಬಾರಿಸಲು ಅವರನ್ನು ಕರೆದ ಊರುಗಳು ಪಂಕ್ತಿಯಲ್ಲಿ ಉಣ್ಣಲು ಕರೆಯಲಿಲ್ಲ. ಮೈಸೂರಿನಲ್ಲಿ ಹಾರ ಹಾಕಿಸಿಕೊಂಡು ಬಂದವನು ತನ್ನೂರಿನಲ್ಲಿ ಕೇರಿಯ ಹೆಸರಿನಿಂದ ಗುರುತಿಸಲ್ಪಡುವುದಾದರೆ ಆ ಹಬ್ಬಕ್ಕೆ ಕಳೆಯೆಲ್ಲಿಯದು?

ಶರಣರ ಪರಂಪರೆಯ ವಾರಸುದಾರರೆಂದು ಹೇಳಿಕೊಳ್ಳುವ ನಮಗಂತೂ ಈ ವಿಷಯದಲ್ಲಿ ಸಂದೇಹವಿರಲಾಗದು. ಹನ್ನೆರಡನೆಯ ಶತಮಾನದ ಬಹುರೂಪಿ ಚೌಡಯ್ಯನು ವೇಷ ಕಟ್ಟಿ ಜನರನ್ನು ರಂಜಿಸುವುದನ್ನೇ ಕಾಯಕವಾಗಿಸಿಕೊಂಡವನು. ‘ರೇಕಣ್ಣಪ್ರಿಯ ನಾಗಿನಾಥ’ ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದವನು. ಕುಲದಿಂದ ಹೊರಗಿಡಲ್ಪಟ್ಟಿದ್ದ ಮಾದಾರ ಚೆನ್ನಯ್ಯನನ್ನು ಬಸವಣ್ಣನವರು ಹಿರಿಯನೆಂದು ಕೊಂಡಾಡಿದರು. ಕುಣಿಯುವ ಕಾಲೂ ಬಾರಿಸುವ ಕೈಯೂ ಕಾಯಕದಲ್ಲಿ ತೊಡಗಿದ ಅಂಗಗಳೇ ಆಗಿರುವಾಗ ಅವುಗಳಲ್ಲಿ ಮೇಲುಕೀಳು ಎಣಿಸುವವರು ಶರಣಧರ್ಮವನ್ನು ಅರಿತವರಲ್ಲ.

ಹಿಂತಿರುಗಿ ಬಂದವರನ್ನು ಬರಮಾಡಿಕೊಳ್ಳುವ ಬಗೆಯನ್ನು ಕಲಿಯಲು ಈ ತಾಲ್ಲೂಕಿನವರು ಬೇರೆಲ್ಲಿಗೂ ಹೋಗಬೇಕಾಗಿಲ್ಲ. ಕೊಕ್ಕರೆ ಬೆಳ್ಳೂರು ಇಲ್ಲಿಯೇ ಇದೆ. ಗೂಡು ಕಟ್ಟಲು ವರ್ಷವರ್ಷವೂ ಬರುವ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳನ್ನು ಆ ಊರವರು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಾಣುತ್ತಾರೆ. ಗೂಡುಗಳಿಗಾಗಿ ಹುಣಸೆಯ ಫಸಲನ್ನೇ ಬಿಟ್ಟುಕೊಟ್ಟವರುಂಟು. ಆ ನಷ್ಟಕ್ಕೆ ಅರಣ್ಯ ಇಲಾಖೆಯಿಂದ ಪರಿಹಾರದ ಏರ್ಪಾಟೂ ಆಯಿತು. 2007ರಲ್ಲಿ ಆ ತಾಣವನ್ನು ಸಮುದಾಯ ಮೀಸಲು ಪ್ರದೇಶವೆಂದು ಸಾರಲಾಯಿತು. ಬಾಯಿಮಾತಿನ ಅಕ್ಕರೆಯೊಂದಿಗೆ ಕೈಯಿಂದ ಬಿಟ್ಟುಕೊಡುವ ಮನಸ್ಸೂ ಇದ್ದುದರಿಂದ ಹಕ್ಕಿಗಳು ಇಂದಿಗೂ ಬರುತ್ತಿವೆ.

ಮುಂದಿನ ಹಬ್ಬದಲ್ಲಿ ನಿಮ್ಮೂರಿನ ಕಲಾವಿದನು ಗೆಜ್ಜೆ ಕಟ್ಟಿ ಮನೆಯ ಮುಂದೆ ಬಂದಾಗ, ಆರತಿ ಬೆಳಗುವ ತಾಯಂದಿರು ಮಕ್ಕಳನ್ನೂ ಹೊರಗೆ ಕರೆತಂದು ತೋರಿಸಲಿ. ಹಿರಿಯರು ಸಲ್ಲಬೇಕಾದ ಸಂಭಾವನೆಯನ್ನು ಸಕಾಲದಲ್ಲಿ ಸಲ್ಲಿಸಿ, ಕುಣಿದವರನ್ನೂ ಬಾರಿಸಿದವರನ್ನೂ ತಮ್ಮ ಪಂಕ್ತಿಯಲ್ಲಿಯೇ ಕುಳ್ಳಿರಿಸಿ ಉಣಬಡಿಸಲಿ. ಹಾಗೆ ನಡೆದ ಊರಿಗೆ ಗೆಜ್ಜೆಯ ದನಿ ಮರುವರ್ಷವೂ ತಪ್ಪದೆ ಮರಳುವುದು.