ಎಡಗೈಯ ಪಾಠ

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ,

ರಷ್ಯಾದೇಶದ ಲೆವ್ ತೆರ್ಮೆನ್ ಎಂಬವರು 1920ರ ಸುಮಾರಿಗೆ ನಿರ್ಮಿಸಿದ ಥೆರೆಮಿನ್ ಎಂಬ ವಿದ್ಯುದ್ವಾದ್ಯವನ್ನು ಮುಟ್ಟದೆಯೇ ನುಡಿಸತಕ್ಕದ್ದು. ನೆಟ್ಟ ಕಂಬಿಯಿಂದ ಬಲಗೈ ದೂರವಾದಷ್ಟೂ ಸ್ವರವು ತಗ್ಗುವುದು. ಬಾಗಿದ ಕಂಬಿಯ ಬಳಿಗೆ ಎಡಗೈ ಬಂದರೆ ನಾದವು ಅಡಗುವುದು.

ಇದರಲ್ಲಿ ತಂತಿಯನ್ನು ಮೀಟಿದಂಥ ಮಂದ್ರಸ್ವರಗಳನ್ನು ನುಡಿಸಲು ಯತ್ನಿಸಿದೆನು. ಹೊರಟದ್ದು ಬರೀ ಊಳು. ಬಲಗೈಯನ್ನೇ ತಿದ್ದುತ್ತಿದ್ದೆನು, ತಪ್ಪು ಎಡಗೈಯಲ್ಲಿತ್ತು. ಅದನ್ನು ಥಟ್ಟನೆ ಎತ್ತಿ ಮೆಲ್ಲನೆ ಇಳಿಸಬೇಕು. ನಾದವು ಅಡಗಿದ ಮೇಲೆಯೇ ಬಲಗೈಯು ಮುಂದಿನ ಸ್ವರಕ್ಕೆ ಸರಿಯಬೇಕು. ಕೈನೋವಿನಿಂದ ಪಿಟೀಲನ್ನು ಬಿಟ್ಟು ಈ ವಾದ್ಯದಲ್ಲಿ ಹೆಸರಾದ ಕ್ಲಾರಾ ರಾಕ್ಮೋರ್ ಸಹ, ಎಡಗೈಗೆ ಬೇಗನೆ ಓಗೊಡುವ ವಾದ್ಯವನ್ನೇ ತೆರ್ಮೆನ್ನರಿಂದ ಮಾಡಿಸಿಕೊಂಡರು.

ಉತ್ತರಕ್ಕೆ ಎಡೆಗೊಡದೆ ಪ್ರಶ್ನೆಯಿಂದ ಪ್ರಶ್ನೆಗೆ ಜಾರುತ್ತಿದ್ದ ನನ್ನ ಪಾಠಗಳು ಆಗ ನೆನಪಿಗೆ ಬಂದವು. ಅಂದು ಬಾಯಿಬಿಡಲು ಸಮಯ ದೊರೆಯದೆ ಕುಳಿತುಹೋದ ಮಕ್ಕಳೇ, ನನ್ನನ್ನು ಕ್ಷಮಿಸಿರಿ.