ದಾರಿಯಲ್ಲಿ ಕಳೆದ ಕ್ಷಣ

ಅಂಚೆಯ ಮೂಲಕ ಗಂಟೆ ಕೇಳುವವರು ಯಾರೂ ಇಲ್ಲ. ‘ಈಗ ಸಮಯವೆಷ್ಟು?’ ಎಂದು ಓಲೆ ಬರೆದರೆ, ಮಾರೋಲೆ ಬರುವಷ್ಟರಲ್ಲಿ ಆ ‘ಈಗ’ ಎಂಬುದು ಎಂದೋ ಕಳೆದುಹೋಗಿರುತ್ತದೆ. ಆದರೂ ಜಗತ್ತಿನ ಗಣಕಯಂತ್ರಗಳು ಹಗಲಿರುಳೂ ಮಾಡುತ್ತಿರುವುದು ಈ ಕೆಲಸವನ್ನೇ!

ಗಣಕದೊಳಗಿನ ಗಡಿಯಾರವನ್ನು ನಡೆಸುವುದು ಕ್ವಾರ್ಟ್ಸ್ ಹರಳಿನ ಕಂಪನ. ಶಾಖ ಏರಿಳಿದರೆ, ಹರಳು ಹಳತಾದರೆ ಅದರ ನಡೆ ಬದಲಾಗುತ್ತದೆ. ದಿನಕ್ಕೆ ಒಂದೆರಡು ಸೆಕೆಂಡು ತಪ್ಪುವುದೂ ಉಂಟು. ಇದನ್ನು ಅಲ್ಪವೆಂದು ಕಡೆಗಣಿಸುವಂತಿಲ್ಲ. ಒಂದೂರಿನಲ್ಲಿ ಖಾತೆಗೆ ಕಟ್ಟಿದ ಹಣವನ್ನು ಮರುಕ್ಷಣವೇ ಇನ್ನೊಂದೂರಿನಲ್ಲಿ ತೆಗೆದರೆಂದು ಭಾವಿಸೋಣ. ಎರಡೂರಿನ ಗಡಿಯಾರಗಳು ಹೊಂದದಿದ್ದರೆ, ಕಟ್ಟುವ ಮೊದಲೇ ತೆಗೆದಂತೆ ಲೆಕ್ಕ ದಾಖಲಾದೀತು.

ಬಾಲ್ಯದಿಂದಲೇ ಮಂದದೃಷ್ಟಿಯುಳ್ಳವರಾಗಿದ್ದ ಅಮೆರಿಕದ ವಿಜ್ಞಾನಿ ಡೇವಿಡ್ ಮಿಲ್ಸ್ ಅವರು ಈ ತೊಡಕನ್ನು ಬಿಡಿಸುವ ವಿಧಾನವೊಂದನ್ನು 1985ರಲ್ಲಿ ಪ್ರಕಟಿಸಿದರು. ಅದರಂತೆ, ಕೇಳುವ ಗಣಕವು ಪ್ರಶ್ನೆ ಹೊರಟ ಕ್ಷಣವನ್ನೂ ಉತ್ತರ ಬಂದ ಕ್ಷಣವನ್ನೂ ಗುರುತಿಟ್ಟುಕೊಳ್ಳುತ್ತದೆ. ಹೇಳುವ ಗಣಕವು ಪ್ರಶ್ನೆ ಮುಟ್ಟಿದ ಹಾಗೂ ಉತ್ತರ ಹೊರಟ ವೇಳೆಗಳನ್ನು ಬರೆದು ಕಳುಹಿಸುತ್ತದೆ. ಸೆಕೆಂಡಿನ ಸಾವಿರದಲ್ಲೊಂದು ಪಾಲು ಮಿಲಿಸೆಕೆಂಡು. ಹೋಗಿಬರುವ ದಾರಿಯಲ್ಲಿ 80 ಮಿಲಿಸೆಕೆಂಡು ಕಳೆದಿದ್ದರೆ, ಅದರ ಅರ್ಧವಾದ 40ನ್ನು ಉತ್ತರ ಹೊರಟ ವೇಳೆಗೆ ಕೂಡಿಸಿಕೊಂಡರಾಯಿತು.

ಆದರೆ ಹೋದ ಹೊತ್ತೂ ಬಂದ ಹೊತ್ತೂ ಸಮವೆಂದು ಹೇಳಿದವರಾರು? ಸಂತೆಯ ದಿನದ ರಸ್ತೆಯಂತೆ ಜಾಲದ ಹಾದಿಯಲ್ಲೂ ನೂಕುನುಗ್ಗಲುಂಟು. ಹೋಗಲು 20, ಬರಲು 60 ಆಗಿದ್ದರೆ ಗಡಿಯಾರವು 20 ಮಿಲಿಸೆಕೆಂಡು ಹಿಂದೆ ಬಿದ್ದಂತೆಯೇ ಸರಿ. ಇಡೀ ಸುತ್ತಿನ ಕಾಲವನ್ನು ಅಳೆಯಬಹುದು. ಹೋದದ್ದೆಷ್ಟು, ಬಂದದ್ದೆಷ್ಟು ಎಂದು ಬೇರೆಬೇರೆಯಾಗಿ ಅಳೆಯಬೇಕಾದರೆ ಎರಡು ಗಡಿಯಾರಗಳೂ ಮೊದಲೇ ಹೊಂದಿಕೊಂಡಿರಬೇಕು. ಹೊಂದಿಸುವುದಕ್ಕಾಗಿಯೇ ಅಲ್ಲವೇ ಈ ಪ್ರಯಾಸವೆಲ್ಲ!

ಆದುದರಿಂದ ಗಣಕವು ಒಬ್ಬರ ಮಾತನ್ನೇ ನೆಚ್ಚುವುದಿಲ್ಲ. ಹಲವರನ್ನು ಕೇಳುತ್ತದೆ, ಹಲವು ಸಲ ಕೇಳುತ್ತದೆ; ಬೇಗ ಮರಳಿದ ಉತ್ತರಕ್ಕೆ ಹೆಚ್ಚಿನ ಬೆಲೆ ಕೊಡುತ್ತದೆ. ದಾರಿಯ ವಿಳಂಬದಿಂದಾಗುವ ತಪ್ಪು ಒಟ್ಟು ಪಯಣದ ಅರ್ಧವನ್ನು ಮೀರಲಾರದು. ಪಯಣ ಕಿರಿದಾದಷ್ಟೂ ತಪ್ಪೂ ಕಿರಿದು. ವ್ಯತ್ಯಾಸ ಅಲ್ಪವಾಗಿದ್ದರೆ ಗಡಿಯಾರವನ್ನು ಥಟ್ಟನೆ ತಿರುಗಿಸದೆ, ಅದರ ನಡೆಯನ್ನು ತುಸುವೇ ಚುರುಕುಗೊಳಿಸಿಯೋ ನಿಧಾನಿಸಿಯೋ ಸರಿದಾರಿಗೆ ತರುತ್ತದೆ.

ಮಿಲ್ಸ್ ಅವರು 2024ರಲ್ಲಿ ತೀರಿಕೊಂಡರು. ಅವರ ವಿಧಾನವನ್ನು ಅನುಸರಿಸುವ ಗಣಕವು ಕೇಳಿದವರಿಗೆ ವೇಳೆಯನ್ನಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ‘ನನ್ನ ಮಾತು ಇಷ್ಟರ ಮಟ್ಟಿಗೆ ತಪ್ಪಿರಬಹುದು’ ಎಂಬ ಅಂದಾಜನ್ನೂ ಒಡನೆಯೇ ಕಳುಹಿಸುತ್ತದೆ. ಆ ಮಾತನ್ನು ಎಷ್ಟು ನಂಬಬೇಕೆಂದು ಕೇಳಿದವರು ನಿರ್ಧರಿಸುವುದು ಅದರಿಂದಲೇ.