21ನೇ ದಿನದ ಕೀಮೋ

ನಾಗಪುರದ ಕ್ಯಾನ್ಸರ್ ಆಸ್ಪತ್ರೆಯೊಂದರ ಡೇ ಕೇರ್ ವಾರ್ಡು. ಎಂಟು ಗಂಟೆಗೇ ಬೆಂಚು ತುಂಬಿದೆ. ಭಂಡಾರಾ, ಗೊಂದಿಯಾ, ಗಡಚಿರೋಲಿಯಿಂದ ರಾತ್ರಿಯೇ ಹೊರಟವರು, ಗಡಿಯಾಚೆಯ ಬಾಲಾಘಾಟ್‌ನವರೂ ಇದ್ದಾರೆ. ಎಲ್ಲರ ಕೈಯಲ್ಲೂ ಫೈಲು. ‘ಕೌಂಟ್ ಬಂತಾ?’ ಎಂಬುದೇ ಇಲ್ಲಿ ಕುಶಲ ವಿಚಾರಿಸುವ ರೀತಿ. ಬಿಳಿ ರಕ್ತಕಣ ಸಾಕಷ್ಟಿಲ್ಲದಿದ್ದರೆ ಇವತ್ತು ಕೀಮೋ ಇಲ್ಲ, ಬಂದ ದಾರಿಯಲ್ಲೇ ವಾಪಸ್ಸು.

‘ಬನ್ನಿ ಕಾಕಾ, ಚಪ್ಪಲಿ ಬಿಟ್ಟು ನಿಲ್ಲಿ.’ ಸಿಸ್ಟರ್ ತೂಕ ಬರೆದುಕೊಳ್ಳುತ್ತಾರೆ: 56 ಕೆ.ಜಿ. ಎತ್ತರ 160 ಸೆಂ.ಮೀ. ಎರಡನ್ನೂ ಗುಣಿಸಿ, 3600ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಮೈಯ ವಿಸ್ತೀರ್ಣ ಸುಮಾರು 1.58 ಚದರ ಮೀಟರ್. ಲಿಂಫೋಮಾದ ಆರ್-ಚಾಪ್ ಚಿಕಿತ್ಸೆಯಲ್ಲಿ ಡಾಕ್ಸೊರುಬಿಸಿನ್ ಚದರ ಮೀಟರಿಗೆ 50 ಮಿ.ಗ್ರಾಂ., ಅಂದರೆ ಇವರಿಗೆ 79.

ವೈದ್ಯೆ ಹಳೆಯ ಹಾಳೆಗಳನ್ನು ತಿರುವುತ್ತಾರೆ. ಇದು ಆರನೆಯ, ಕೊನೆಯ ಸೈಕಲ್. 21 ದಿನಕ್ಕೊಮ್ಮೆ ಬಂದಿದ್ದರೆ 15 ವಾರ ಮುಗಿದಾಗ ಆಗಬೇಕಿತ್ತು, 18 ಮುಗಿದಿದೆ. ಒಮ್ಮೆ ಕೌಂಟ್ ಬಿದ್ದು ಒಂದು ವಾರ ಹೋಯಿತು. ಇನ್ನೆರಡು ವಾರ?

‘ಭತ್ತದ ಕೊಯ್ಲು ಇತ್ತು, ಮ್ಯಾಡಂ. ಆಮೇಲೆ ಔಷಧಿ ಪೂರ್ತಿ ತಗೊಂಡೆನಲ್ಲ?’

ವೈದ್ಯೆ ಹಾಳೆಯ ಅಂಚಿನಲ್ಲಿ ಬರೆದು ತೋರಿಸುತ್ತಾರೆ. ಯೋಜನೆಯಂತೆ, ಕೊನೆಯ ಸೈಕಲ್‌ನ ಮೂರು ವಾರವೂ ಸೇರಿ, 18 ವಾರಕ್ಕೆ ಚದರ ಮೀಟರಿಗೆ 300 ಮಿ.ಗ್ರಾಂ.; ವಾರಕ್ಕೆ 16.7. ಸುಸ್ತು ಹೆಚ್ಚಿದ ಎರಡು ಸೈಕಲ್‌ಗಳಲ್ಲಿ ಹತ್ತತ್ತು ಕಡಿಮೆ ಮಾಡಿದ್ದರಿಂದ ಒಟ್ಟು 280. ಅಷ್ಟೇ ಆಗಿದ್ದರೆ ಯೋಜನೆಯ ಶೇ 93. ಆದರೆ ಅದು 21 ವಾರಕ್ಕೆ ಹಿಗ್ಗಿದೆ, ವಾರಕ್ಕೆ 13.3. ಶೇ 80. ಔಷಧಿ ಕಡಿಮೆಯಾಗಿ ಹೋದದ್ದು ಏಳು, ತಡವಾಗಿ ಹೋದದ್ದು ಹದಿಮೂರು! ಹಲವು ಅಧ್ಯಯನಗಳು ಶೇ 85ನ್ನು ಗೆರೆಯಾಗಿ ಇಟ್ಟುಕೊಂಡಿವೆ. ಈ ಲೆಕ್ಕ ನೋಡದೆ ‘ಆರೂ ಕೀಮೋ ಮುಗಿಯಿತು’ ಎಂದು ಬರೆದುಬಿಡುವುದು ಅರ್ಧ ಸತ್ಯ.

ಕಾಕಾ ಸುಮ್ಮನೆ ಅಂಕಿಯನ್ನೇ ನೋಡುತ್ತಾರೆ. ಇವತ್ತಿನ ಕೌಂಟ್ ಚೆನ್ನಾಗಿದೆ. ಕೆಂಪು ಡಾಕ್ಸೊರುಬಿಸಿನ್ ನಳಿಕೆಯಲ್ಲಿ ಇಳಿಯತೊಡಗುತ್ತದೆ. ಸೂಜಿಯ ಸುತ್ತ ಉರಿ ಇದೆಯೇ ಎಂದು ಸಿಸ್ಟರ್ ಮತ್ತೆ ಮತ್ತೆ ಕೇಳುತ್ತಾರೆ. ರಕ್ತನಾಳದಿಂದ ಹೊರಚೆಲ್ಲಿದರೆ ಮಾಂಸವೇ ಕೊಳೆಯುತ್ತದೆ.

ನಿಮ್ಮ ಮನೆಯಲ್ಲಿ ಲಿಂಫೋಮಾ ಚಿಕಿತ್ಸೆ ನಡೆಯುತ್ತಿದ್ದರೆ, ಕೊಯ್ಲಿಗೋ ಮದುವೆಗೋ ಕೀಮೋ ತಾರೀಖನ್ನು ನೀವಾಗಿ ಮುಂದೂಡಬೇಡಿ, ಮೊದಲು ವೈದ್ಯರಿಗೆ ತಿಳಿಸಿ. ಕೌಂಟ್ ಬೀಳುವವರಿಗೆ ಬಿಳಿ ಕಣ ಹೆಚ್ಚಿಸುವ ಇಂಜೆಕ್ಷನ್ ಇದೆ, ಕೇಳಿ. ಜ್ವರ 100.4 ಡಿಗ್ರಿ ಮುಟ್ಟಿದರೆ ಮಾತ್ರ ತಾರೀಖಿಗೆ ಕಾಯದೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಿ.